ಬೈದದ್ದು ಕ್ಲಬ್ಬನ್ನೋ, ಧರ್ಮವನ್ನೋ?

2022ರಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೊದ ಉದ್ಯೋಗ ನ್ಯಾಯಮಂಡಳಿ ಒಂದು ವಿಚಿತ್ರ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ರೇಂಜರ್ಸ್ ಫುಟ್‌ಬಾಲ್ ಕ್ಲಬ್ ಮೇಲಿನ ಅಭಿಮಾನವನ್ನು ಧರ್ಮದ ಹಾಗೆ ಒಂದು ನಂಬಿಕೆ ಎಂದು ಕಾನೂನು ಒಪ್ಪಬೇಕೇ? ಕೇಳಿದವರು 42 ವರ್ಷಗಳಿಂದ ರೇಂಜರ್ಸ್ ಹಿಂದೆ ಸುತ್ತಿದ ಒಬ್ಬ ಕೆಲಸಗಾರ. ಮೇಲಧಿಕಾರಿ ಎದುರಾಳಿ ಸೆಲ್ಟಿಕ್ ಕ್ಲಬ್‌ನ ಅಭಿಮಾನಿ, ಅದಕ್ಕೇ ತನಗೆ ಕೆಲಸ ತಪ್ಪಿತು ಎಂಬುದು ಅವರ ದೂರು. ದೇವರನ್ನು ನಂಬುವವರಿಗೆ ಚರ್ಚ್ ಹೇಗೋ ನನಗೆ ಪಂದ್ಯ ಹಾಗೆ ಎಂದು ಅವರು ವಾದಿಸಿದರು. ನ್ಯಾಯಮಂಡಳಿ ಒಪ್ಪಲಿಲ್ಲ. ಕ್ಲಬ್ ಬೆಂಬಲಿಸುವುದು ಒಬ್ಬರ ಬದುಕಿನ ಆಯ್ಕೆ, ಅದು ತಾತ್ವಿಕ ನಂಬಿಕೆಯಲ್ಲ ಎಂದಿತು. ರೇಂಜರ್ಸ್ ಅಭಿಮಾನಿಗಳಿಗೆಲ್ಲ ಸಮಾನವಾಗಿರುವುದು ಒಂದೇ, ತಮ್ಮ ತಂಡ ಗೆಲ್ಲಬೇಕು ಅನ್ನುವ ಆಸೆ ಎಂದೂ ಹೇಳಿತು.

ಹಾಗಾದರೆ ಲೆಕ್ಕ ಸುಲಭ ಅಲ್ವಾ? ಕ್ಲಬ್ ಧರ್ಮವಲ್ಲ. ಕ್ಲಬ್‌ನವರನ್ನು ಬೈದರೆ ಅದು ಧರ್ಮದ ಬೈಗುಳವೂ ಅಲ್ಲ. ಆದರೆ ಅದೇ ಊರಿನ ಕ್ರಿಮಿನಲ್ ಕೋರ್ಟಿಗೆ ಹೋದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕ್ಲಬ್ಬಿನ ಹೆಸರಲ್ಲಿ ಕೂಗಿದ ಬೈಗುಳಕ್ಕೆ ಧರ್ಮದ್ವೇಷದ ಶಿಕ್ಷೆ ಬಿದ್ದದ್ದೂ ಇದೆ, ಬೀಳದೆ ಹೋದದ್ದೂ ಇದೆ. ಎರಡರ ನಡುವಿನ ಗೆರೆ ಎಲ್ಲಿದೆ ಅನ್ನುವುದು ಸ್ಕಾಟ್ಲೆಂಡ್‌ನಲ್ಲಿ 20 ವರ್ಷಕ್ಕೂ ಮೀರಿದ ಜಗಳ.

ಮೊದಲು ಹಿನ್ನೆಲೆ. ರೇಂಜರ್ಸ್ ಹುಟ್ಟಿದ್ದು 1872ರಲ್ಲಿ. ಅದರ ಮೈದಾನ ನಗರದ ಗೋವನ್ ಭಾಗದ ಐಬ್ರಾಕ್ಸ್. ಸೆಲ್ಟಿಕ್ ಹುಟ್ಟಿದ್ದು 1887ರಲ್ಲಿ. ಐರ್ಲೆಂಡ್‌ನಿಂದ ಬಂದು ಗ್ಲಾಸ್ಗೊದ ಪೂರ್ವ ಭಾಗದಲ್ಲಿ ಕಷ್ಟದಲ್ಲಿದ್ದ ಕ್ಯಾಥೊಲಿಕ್ ಕುಟುಂಬಗಳಿಗೆ ಊಟಕ್ಕೆ ಹಣ ಕೂಡಿಸಲು ಬ್ರದರ್ ವಾಲ್ಫ್ರಿಡ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಅದನ್ನು ಕಟ್ಟಿದರು. ಎರಡೂ ತಂಡ ಮೊದಲು ಆಡಿದ್ದು 1888ರ ಮೇ ತಿಂಗಳಲ್ಲಿ, ಸ್ನೇಹದ ಪಂದ್ಯ. ಸೆಲ್ಟಿಕ್ 5-2ರಿಂದ ಗೆದ್ದಿತು. ಆಗ ಯಾರೂ ಯಾರ ಧರ್ಮವನ್ನೂ ಕೆದಕುತ್ತಿರಲಿಲ್ಲ. ಮುಂದಿನ ದಶಕಗಳಲ್ಲಿ ಐರ್ಲೆಂಡ್‌ನ ರಾಜಕೀಯ ಜಗಳ ಹಡಗು ಹತ್ತಿ ಬಂತು. ಸೆಲ್ಟಿಕ್ ಅಂದರೆ ಐರಿಶ್, ಕ್ಯಾಥೊಲಿಕ್, ಹಸಿರು. ರೇಂಜರ್ಸ್ ಅಂದರೆ ಬ್ರಿಟಿಷ್, ಪ್ರೊಟೆಸ್ಟೆಂಟ್, ನೀಲಿ. ರೇಂಜರ್ಸ್ ದಶಕಗಟ್ಟಲೆ ಕ್ಯಾಥೊಲಿಕ್ ಆಟಗಾರರನ್ನು ತೆಗೆದುಕೊಳ್ಳಲೇ ಇಲ್ಲ. ಎಲ್ಲೂ ಬರೆದಿಡದ, ಆದರೆ ಎಲ್ಲರಿಗೂ ಗೊತ್ತಿದ್ದ ನಿಯಮ ಅದು. 1989ರಲ್ಲಿ ಮ್ಯಾನೇಜರ್ ಗ್ರೇಮ್ ಸೂನೆಸ್ ಅವರು ಕ್ಯಾಥೊಲಿಕ್ ಆಟಗಾರ ಮೋ ಜಾನ್‌ಸ್ಟನ್ ಅವರನ್ನು ಕರೆತಂದಾಗ ಕೆಲವು ಅಭಿಮಾನಿಗಳು ತಮ್ಮ ಸ್ಕಾರ್ಫ್‌ಗಳನ್ನೇ ಸುಟ್ಟರು.

ಸೆಲ್ಟಿಕ್ ಕಡೆ ಇಂಥ ನಿಯಮ ಇರಲಿಲ್ಲ. 1967ರಲ್ಲಿ ಅವರಿಗೆ ಯುರೋಪಿಯನ್ ಕಪ್ ಗೆದ್ದುಕೊಟ್ಟ ಮ್ಯಾನೇಜರ್ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮಗೂ ಈ ಎರಡು ಹೆಸರು ತೀರಾ ಹೊರಗಿನವಲ್ಲ. 1936ರಲ್ಲಿ ಕೋಲ್ಕತ್ತಾದ ಮೊಹಮ್ಮದ್ ಸಲೀಂ ಬರಿಗಾಲಲ್ಲಿ ಸೆಲ್ಟಿಕ್ ಪರ ಆಡಿ ಬಂದರು. 2019ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮತ್ತು ರೇಂಜರ್ಸ್ ಪಾಲುದಾರಿಕೆಗೆ ಸಹಿ ಹಾಕಿದವು. ಮಣಿಪುರದ ಬಾಲಾ ದೇವಿ 2020ರಲ್ಲಿ ರೇಂಜರ್ಸ್ ಮಹಿಳಾ ತಂಡ ಸೇರಿದರು. ಕಂಠೀರವದಲ್ಲಿ ನೀಲಿ ಜೆರ್ಸಿ ತೊಟ್ಟು ಕೂಗುವ ಹುಡುಗರಿಗೆ ಐಬ್ರಾಕ್ಸ್‌ನ ನೀಲಿಗೆ ಅಂಟಿಕೊಂಡ ಚರಿತ್ರೆ ಗೊತ್ತಿರಬೇಕಾಗಿಲ್ಲ. ಗೊತ್ತಾದರೆ ಅಲ್ಲಿನ ಕೇಸುಗಳು ಅರ್ಥವಾಗುತ್ತವೆ.

ಕಾನೂನು ನಿಜವಾಗಿ ಏನು ಹೇಳುತ್ತದೆ

ಜಾಸ್ತಿ ಜನ ಎಡವುವುದು ಇಲ್ಲೇ. 'ಪಂಥದ್ವೇಷದ ಬೈಗುಳ' ಎಂಬ ಹೆಸರಿನ ಅಪರಾಧವೇ ಸ್ಕಾಟ್ಲೆಂಡ್‌ನಲ್ಲಿ ಇಲ್ಲ. ಇಂಥಿಂಥ ಪದ ನಿಷಿದ್ಧ ಎಂಬ ಪಟ್ಟಿಯೂ ಇಲ್ಲ. ಪತ್ರಿಕೆಗಳು, ರಾಜಕಾರಣಿಗಳು, ಪೊಲೀಸರು ಎಲ್ಲರೂ 'ಸೆಕ್ಟೇರಿಯನ್', ಅಂದರೆ ಪಂಥದ್ವೇಷದ, ಅನ್ನುವ ಪದ ಬಳಸುತ್ತಾರೆ. ಕಾಯಿದೆಯಲ್ಲಿ ಹುಡುಕಿದರೆ ಅದಕ್ಕೊಂದು ವ್ಯಾಖ್ಯೆ ಸಿಗುವುದಿಲ್ಲ.

ಕೋರ್ಟ್ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಮಾಮೂಲಿ ಅಪರಾಧವೊಂದು ನಡೆದಿರಬೇಕು. ಹಲ್ಲೆ ಆಗಬಹುದು, ಶಾಂತಿಭಂಗ ಆಗಬಹುದು. ಅಥವಾ 2010ರ ಕಾಯಿದೆಯ 38ನೇ ಸೆಕ್ಷನ್ ಹೇಳುವ ಬೆದರಿಕೆಯ, ನಿಂದನೆಯ ವರ್ತನೆ ಆಗಬಹುದು. ಸಾಮಾನ್ಯ ವಿವೇಕದ ಮನುಷ್ಯನಿಗೆ ಭಯವೋ ಗಾಬರಿಯೋ ಆಗುವಂಥ ವರ್ತನೆ ಅದಾಗಿರಬೇಕು. ಬರೀ ಮುಜುಗರ, ಬರೀ ಸಿಟ್ಟು ಸಾಲದು. ಗೋಲ್ ತಪ್ಪಿಸಿದ ಆಟಗಾರನಿಗೆ ನಾಲ್ಕು ಮಾತು ಬೈದರೆ ಅಷ್ಟಕ್ಕೇ ಕೇಸ್ ನಿಲ್ಲುವುದಿಲ್ಲ.

ಈ ಮೊದಲ ಅಪರಾಧ ಸಾಬೀತಾದ ಮೇಲೆ ಎರಡನೆಯ ಪ್ರಶ್ನೆ. ಅದರ ಹಿಂದೆ ಧರ್ಮದ ಹಗೆ ಇತ್ತೇ? ಇತ್ತು ಎಂದಾದರೆ ಆ ಅಪರಾಧದ ಮೇಲೆ 'ಧರ್ಮದ್ವೇಷದಿಂದ ಕೂಡಿದ್ದು' ಎಂದು ದಾಖಲಾಗುತ್ತದೆ. ಪಹಣಿಯ ಮೂಲೆಯಲ್ಲಿ ಷರಾ ಬರೆಯುತ್ತಾರಲ್ಲ, ಹಾಗೆ. ಷರಾ ತಾನಾಗಿಯೇ ಅಪರಾಧವಲ್ಲ. ಆದರೆ ಶಿಕ್ಷೆ ಹಾಕುವಾಗ ನ್ಯಾಯಾಧೀಶರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅದು ಆ ಮನುಷ್ಯನ ದಾಖಲೆಯಲ್ಲೂ ಉಳಿಯುತ್ತದೆ. ಮುಂದೆ ಕೆಲಸಕ್ಕೆ ಅರ್ಜಿ ಹಾಕಿದಾಗ 'ಶಾಂತಿಭಂಗ' ಅನ್ನುವುದಕ್ಕೂ 'ಧರ್ಮದ್ವೇಷದ ಶಾಂತಿಭಂಗ' ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಈ ಷರಾ ಬಂದದ್ದು 2003ರ ಕ್ರಿಮಿನಲ್ ಜಸ್ಟಿಸ್ ಕಾಯಿದೆಯ 74ನೇ ಸೆಕ್ಷನ್ ಮೂಲಕ. ಅದರ ಒಂದೊಂದು ಪದವನ್ನೂ ಫುಟ್‌ಬಾಲ್ ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಹಾಗಿದೆ. ಬೈಸಿಕೊಂಡವನು ಒಂದು ಧರ್ಮದ ಗುಂಪಿಗೆ ಸೇರಿದವನು ಎಂಬ ಕಾರಣಕ್ಕೆ ಹಗೆ ತೋರಿಸಿದರೆ ಷರಾ ಬೀಳುತ್ತದೆ. ಸೇರಿದವನು ಎಂದು ಬೈದವನು ಸುಮ್ನೆ ಅಂದುಕೊಂಡಿದ್ದರೂ ಸಾಕು. ಜಾಕ್ ಸ್ಟೀನ್ ಅವರನ್ನು ನೆನಪಿಡಿ ಅಂದದ್ದು ಇದಕ್ಕೇ. ಹಸಿರು ಸ್ಕಾರ್ಫ್ ನೋಡಿ ಪ್ರೊಟೆಸ್ಟೆಂಟ್ ಒಬ್ಬನನ್ನು ಕ್ಯಾಥೊಲಿಕ್ ಎಂದು ತಿಳಿದು ಬೈದರೆ, 'ಅವನು ಕ್ಯಾಥೊಲಿಕ್ ಅಲ್ಲವೇ ಅಲ್ಲ' ಎಂದು ವಾದಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೈದವನ ತಲೆಯಲ್ಲಿ ಏನಿತ್ತು ಅನ್ನುವುದು ಮುಖ್ಯ.

ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಇಡೀ ಚರ್ಚೆಯ ತಿರುಳು ಇದೇ ಎಂದು ನನಗೆ ಅನ್ನಿಸುತ್ತದೆ. ಧರ್ಮದ ಗುಂಪು ಮಾತ್ರವಲ್ಲ, 'ಧರ್ಮದ ನಂಟಿದೆ ಎಂದು ಜನ ಭಾವಿಸುವ ಸಾಮಾಜಿಕ ಅಥವಾ ಸಾಂಸ್ಕೃತಿಕ ಗುಂಪು' ಕೂಡ ಇದರ ವ್ಯಾಪ್ತಿಗೆ ಬರುತ್ತದೆ. ಈಗ ಹೇಳಿ, ಸೆಲ್ಟಿಕ್ ಅಭಿಮಾನಿಗಳ ಬಳಗ ಅಂಥ ಗುಂಪೋ ಅಲ್ಲವೋ? ಕ್ಲಬ್ ಹುಟ್ಟಿದ್ದೇ ಚರ್ಚಿನ ಹಿನ್ನೆಲೆಯಲ್ಲಿ. ಊರಿಗೆಲ್ಲ ಅದನ್ನು ಕ್ಯಾಥೊಲಿಕ್ ಕ್ಲಬ್ ಎಂದೇ ಗೊತ್ತು. ನಂಟು ಇದೆಯೋ ಇಲ್ಲವೋ ಬೇಡ, 'ಇದೆ ಎಂದು ಭಾವಿಸಿದರೆ' ಸಾಕು ಎನ್ನುತ್ತದೆ ಕಾಯಿದೆ. ಉದ್ಯೋಗ ನ್ಯಾಯಮಂಡಳಿಯ ತೀರ್ಪಿಗೂ ಇದಕ್ಕೂ ವಿರೋಧವಿಲ್ಲ. ಅಲ್ಲಿ ಕೇಳಿದ್ದು ಅಭಿಮಾನಿ ಏನನ್ನು ನಂಬುತ್ತಾನೆ ಎಂದು. ಇಲ್ಲಿ ಕೇಳುವುದು ಬೈದವನು ಅವನನ್ನು ಏನೆಂದು ನೋಡಿದ ಎಂದು.

ಇಷ್ಟೇ ಆಗಿದ್ದರೆ ವಕೀಲರು ಒಂದು ದಾರಿ ಹುಡುಕುತ್ತಿದ್ದರು. 'ನನ್ನ ಕಕ್ಷಿದಾರನಿಗೆ ಸಿಟ್ಟು ಬಂದದ್ದು ಪೆನಾಲ್ಟಿ ಕೊಟ್ಟದ್ದಕ್ಕೆ, ಧರ್ಮಕ್ಕಲ್ಲ ಸ್ವಾಮಿ' ಎಂದು. ಕಾಯಿದೆ ಆ ಬಾಗಿಲನ್ನೂ ಮುಚ್ಚಿದೆ. ಹಗೆಗೆ ಬೇರೆ ಕಾರಣಗಳೂ ಬೆರೆತಿದ್ದರೆ ಅದರಿಂದ ವಿನಾಯಿತಿ ಇಲ್ಲ. ಫುಟ್‌ಬಾಲ್ ಸಿಟ್ಟು ಮುಕ್ಕಾಲು, ಧರ್ಮದ ಹಗೆ ಕಾಲು ಇದ್ದರೂ ಷರಾ ಬೀಳಬಹುದು. ಸಾಕ್ಷ್ಯದಲ್ಲೂ ಒಂದು ಸಡಿಲಿಕೆ ಇದೆ. ಸ್ಕಾಟ್ಲೆಂಡ್‌ನಲ್ಲಿ ಅಪರಾಧ ಸಾಬೀತಾಗಲು ಸಾಮಾನ್ಯವಾಗಿ ಎರಡು ಕಡೆಯಿಂದ ಸಾಕ್ಷ್ಯ ಬೇಕು. ಷರಾಕ್ಕೆ ಒಂದೇ ಕಡೆಯ ಸಾಕ್ಷ್ಯ ಸಾಕು.

ಹಾಡಿದವನು ಸಿಕ್ಕಿಬಿದ್ದ ಕೇಸು

2008ರ ನವೆಂಬರ್. ಕಿಲ್ಮಾರ್ನಕ್ ಊರಿನಲ್ಲಿ ಕಿಲ್ಮಾರ್ನಕ್ ಮತ್ತು ರೇಂಜರ್ಸ್ ನಡುವೆ ಪಂದ್ಯ. ಅಂದರೆ ಸೆಲ್ಟಿಕ್ ಅಲ್ಲಿ ಇರಲೇ ಇಲ್ಲ. ರೇಂಜರ್ಸ್ ಅಭಿಮಾನಿಯೊಬ್ಬ ಪೋಪ್ ಅವರನ್ನು ಬೈದ, ಕ್ಯಾಥೊಲಿಕರನ್ನು ಹೀಯಾಳಿಸುವ 'ಫೀನಿಯನ್' ಪದ ಕೂಗಿದ, ಆಮೇಲೆ 'ಫ್ಯಾಮಿನ್ ಸಾಂಗ್' ಎಂಬ ಹಾಡು ಹಾಡಿದ. ಆ ಹಾಡಿನ ಸಾರ ಇಷ್ಟು: ಬರಗಾಲ ಮುಗಿಯಿತು, ಇನ್ನು ನಿಮ್ಮ ಊರಿಗೆ ಹೋಗಿ. 1845ರಿಂದ ಐರ್ಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಅವರಲ್ಲಿ ಅನೇಕರು ಇಳಿದದ್ದು ಗ್ಲಾಸ್ಗೊದಲ್ಲಿ. ಅವರ ಮರಿಮೊಮ್ಮಕ್ಕಳಿಗೆ ಈ ಹಾಡು.

ಕೇಸ್ ಹೈಕೋರ್ಟ್‌ವರೆಗೆ ಹೋಯಿತು. ಇದು ರಾಜಕೀಯ ಅಭಿಪ್ರಾಯ, 'ಫ್ಲವರ್ ಆಫ್ ಸ್ಕಾಟ್ಲೆಂಡ್' ಹಾಡಿನಲ್ಲೂ ಇಂಗ್ಲಿಷರ ಸೈನ್ಯವನ್ನು ವಾಪಸ್ ಕಳಿಸುವ ಮಾತಿಲ್ಲವೇ ಎಂಬ ಧಾಟಿಯ ವಾದ ಬಂತು. 2009ರಲ್ಲಿ ತೀರ್ಪು ಕೊಟ್ಟ ಲಾರ್ಡ್ ಕಾರ್ಲೋವೇ ಅದನ್ನು ಒಪ್ಪಲಿಲ್ಲ. ಸ್ಕಾಟ್ಲೆಂಡ್‌ನಲ್ಲೇ ಹುಟ್ಟಿದವರನ್ನು ಅವರ ಮೂಲದ ಕಾರಣಕ್ಕೆ ದೇಶ ಬಿಟ್ಟು ಹೋಗಿ ಅನ್ನುವುದು ಜನಾಂಗದ್ವೇಷ ಎಂದರು. ಸ್ಟೇಡಿಯಂ ಒಳಗೆ ಕೂತ ಮಾತ್ರಕ್ಕೆ ಬೇಕಾದ ಹಾಗೆ ವರ್ತಿಸುವ ಪರವಾನಗಿ ಸಿಗುವುದಿಲ್ಲ ಎಂದೂ ಹೇಳಿದರು. ಶಾಂತಿಭಂಗದ ಶಿಕ್ಷೆ ಉಳಿಯಿತು. ಅದರ ಮೇಲೆ ಎರಡು ಷರಾ, ಒಂದು ಧರ್ಮದ್ದು, ಒಂದು ಜನಾಂಗದ್ದು.

ಈ ಕೇಸಿನಲ್ಲಿ ಗಮನಿಸಬೇಕಾದದ್ದು ಬೈಸಿಕೊಂಡವರು ಎದುರಿಗೆ ಇರಲಿಲ್ಲ ಅನ್ನುವುದು. ಕಿಲ್ಮಾರ್ನಕ್ ಅಭಿಮಾನಿಗಳು ಐರಿಶರೂ ಅಲ್ಲ, ಕ್ಯಾಥೊಲಿಕ್ ಗುಂಪೂ ಅಲ್ಲ. ಇದು ಬರೀ ಕ್ಲಬ್ ಹಗೆತನ ಆಗಿದ್ದರೆ ಬೈಗುಳ ಕಿಲ್ಮಾರ್ನಕ್‌ಗೆ ಬೀಳಬೇಕಿತ್ತು, ಅಲ್ವಾ? ಎದುರಾಳಿ ಯಾರೇ ಆಗಿರಲಿ ಪೋಪ್ ಅವರನ್ನೇ ಬೈಯುತ್ತಾರೆ ಅಂದರೆ ಅದಕ್ಕೂ ಆಟಕ್ಕೂ ಏನು ಸಂಬಂಧ? 'ಎಲ್ಲ ಆಟದ ಬಿಸಿಯಲ್ಲಿ ಬಂದದ್ದು' ಎಂಬ ಸಮರ್ಥನೆ ನನಗೆ ಪೊಳ್ಳು ಅನ್ನಿಸಿದ್ದು ಈ ಕೇಸ್ ಓದಿದಾಗ.

ಇದಕ್ಕೆ ಪೂರಾ ಉಲ್ಟಾ ಆದದ್ದು 2011ರ ಮೇ ತಿಂಗಳಲ್ಲಿ. ಎಡಿನ್‌ಬರೋದ ಟೈನ್‌ಕ್ಯಾಸಲ್ ಮೈದಾನದಲ್ಲಿ ಅಲ್ಲಿನ ಕ್ಲಬ್ ಹಾರ್ಟ್ಸ್ ವಿರುದ್ಧ ಸೆಲ್ಟಿಕ್ ಪಂದ್ಯ. ಸೆಲ್ಟಿಕ್ ಮ್ಯಾನೇಜರ್ ನೀಲ್ ಲೆನನ್, ಉತ್ತರ ಐರ್ಲೆಂಡ್‌ನ ಕ್ಯಾಥೊಲಿಕ್. ಅದೇ ವರ್ಷ ಅವರ ಹೆಸರಿಗೆ ಅಂಚೆಯಲ್ಲಿ ಬಾಂಬಿನಂಥ ಪಾರ್ಸೆಲ್ ಬಂದಿತ್ತು. ಪಂದ್ಯದ ನಡುವೆ ಹಾರ್ಟ್ಸ್ ಅಭಿಮಾನಿಯೊಬ್ಬ ಬೇಲಿ ದಾಟಿ ಓಡಿ ಬಂದು ಅವರ ಮೇಲೆ ಎರಗಿದ. ಲಕ್ಷಾಂತರ ಜನ ಟಿವಿಯಲ್ಲಿ ನೋಡಿದರು. ಎರಗಿದ್ದು ನಿಜ ಎಂದು ಅವನೇ ಒಪ್ಪಿಕೊಂಡ. ಹಾಗಿದ್ದೂ ಧರ್ಮದ್ವೇಷದ ಹಲ್ಲೆ ಎಂಬ ಆರೋಪಕ್ಕೆ ಜ್ಯೂರಿ ಕೊಟ್ಟ ಉತ್ತರ 'ಸಾಬೀತಾಗಿಲ್ಲ'. ಶಾಂತಿಭಂಗಕ್ಕೆ ಮಾತ್ರ ತಪ್ಪಿತಸ್ಥ ಎಂದಿತು, ಅದರಲ್ಲೂ ಧರ್ಮದ ಭಾಗವನ್ನು ಹೊಡೆದುಹಾಕಿ. ಶಿಕ್ಷೆ ಎಂಟು ತಿಂಗಳು ಜೈಲು.

ಯಾಕೆ ಹೀಗಾಯಿತು? ಜಗಳವೆಲ್ಲ ಒಂದು ಪದದ ಮೇಲೆ ನಿಂತಿತ್ತು. ಅವನು 'ಫೀನಿಯನ್' ಎಂದು ಕೂಗಿದ ಎಂದು ಭದ್ರತಾ ಸಿಬ್ಬಂದಿಯ ಸಾಕ್ಷ್ಯ. ಇಲ್ಲ, ಕೂಗಿದ್ದು ಬೇರೆ ಕೆಟ್ಟ ಬೈಗುಳ ಎಂದು ಅವನ ಮಾತು. ಜ್ಯೂರಿ ಕಾರಣ ಹೇಳುವ ಪದ್ಧತಿ ಇಲ್ಲ. ದೇಶಕ್ಕೆ ದೇಶವೇ ಮೂಗಿನ ಮೇಲೆ ಬೆರಳಿಟ್ಟಿತು. ಷರಾದ ಬಗ್ಗೆ ಮಾತ್ರ ಹೇಳುವುದಾದರೆ ಅಷ್ಟು ಆಶ್ಚರ್ಯವಿಲ್ಲ. ಹೊಡೆತ ಕ್ಯಾಮೆರಾದಲ್ಲಿ ಕಾಣುತ್ತದೆ. ಹೊಡೆತದ ಹಿಂದಿನ ಹಗೆ ಯಾವ ಜಾತಿಯದು ಎಂದು ಕ್ಯಾಮೆರಾ ಹೇಳುವುದಿಲ್ಲ. ಆದರೆ ಹಲ್ಲೆಯೂ ಸಾಬೀತಾಗಲಿಲ್ಲ ಅಂದದ್ದು ಮಾತ್ರ ನನಗೂ ಇವತ್ತಿಗೂ ಅರ್ಥವಾಗಿಲ್ಲ.

ಯಾವ ಪದ ಎಷ್ಟು ಭಾರ

'ಫೀನಿಯನ್' ಮೂಲದಲ್ಲಿ ಬೈಗುಳವೇ ಅಲ್ಲ. 19ನೇ ಶತಮಾನದಲ್ಲಿ ಬ್ರಿಟಿಷರ ವಿರುದ್ಧ ಐರ್ಲೆಂಡ್ ಸ್ವಾತಂತ್ರ್ಯಕ್ಕೆ ಹೋರಾಡಿದವರು ತಾವೇ ಇಟ್ಟುಕೊಂಡ ಹೆಸರು. ಆ ಅರ್ಥದಲ್ಲಿ ಅದು ರಾಜಕೀಯ ಪದ, ಧರ್ಮದ್ದಲ್ಲ. ಆರೋಪಿಗಳ ಪರ ವಕೀಲರು ಹೇಳುವುದೂ ಇದನ್ನೇ. ಆದರೆ ಗ್ಲಾಸ್ಗೊದ ಬೀದಿಯಲ್ಲಿ ಅದನ್ನು ಯಾರ ಮುಖಕ್ಕೆ ಎಸೆಯುತ್ತಾರೆ? ಹೆಸರು, ಶಾಲೆ, ಸ್ಕಾರ್ಫ್ ನೋಡಿ ಕ್ಯಾಥೊಲಿಕ್ ಎಂದು ಗುರುತಿಸಿದವರ ಮುಖಕ್ಕೆ. ಕೋರ್ಟುಗಳು ನಿಘಂಟು ಬಿಟ್ಟು ಬೀದಿಯ ಅರ್ಥವನ್ನು ಹಿಡಿದಿವೆ. ನನ್ನ ಪ್ರಕಾರ ಅದು ಸರಿ. ರೇಂಜರ್ಸ್ ಅಭಿಮಾನಿಗಳು ಹಾಡುವ 'ಬಿಲ್ಲಿ ಬಾಯ್ಸ್' ಹಾಡಿನಲ್ಲಿ ಫೀನಿಯನ್ ರಕ್ತದಲ್ಲಿ ಮೊಣಕಾಲವರೆಗೆ ನಿಂತಿದ್ದೇವೆ ಅನ್ನುವ ಸಾಲಿದೆ. ಅಲ್ಲಿ ಯಾರೂ ಸ್ವಾತಂತ್ರ್ಯ ಚಳವಳಿಯ ಚರಿತ್ರೆ ಹೇಳುತ್ತಿಲ್ಲ.

'ಆರೆಂಜ್' ಸೇರಿಸಿ ಬೈಯುವುದು ಎದುರು ಬದಿಯ ಬೈಗುಳ. 1690ರ ಬಾಯ್ನ್ ಯುದ್ಧದಲ್ಲಿ ಕ್ಯಾಥೊಲಿಕ್ ರಾಜ ಜೇಮ್ಸ್‌ನನ್ನು ಸೋಲಿಸಿದ ವಿಲಿಯಂ ಆಫ್ ಆರೆಂಜ್‌ನಿಂದ ಬಂದ ಹೆಸರು. ಪ್ರತಿ ಜುಲೈನಲ್ಲಿ ಅವನ ನೆನಪಿಗೆ ಮೆರವಣಿಗೆ ತೆಗೆಯುವ ಆರೆಂಜ್ ಆರ್ಡರ್ ಒಂದು ಪ್ರೊಟೆಸ್ಟೆಂಟ್ ಸಂಘ. ಕಾಯಿದೆಯ ವ್ಯಾಖ್ಯೆಯಲ್ಲಿ ಧರ್ಮದ ಸಂಸ್ಥೆಯ ಸದಸ್ಯತ್ವ ಮಾತ್ರವಲ್ಲ, ಅದರ ಸಂಸ್ಕೃತಿ ಮತ್ತು ಸಂಪ್ರದಾಯಕ್ಕೆ ಕೊಡುವ ಬೆಂಬಲವೂ ಸೇರುತ್ತದೆ. ಹಾಗಾಗಿ ಇದು ಅಷ್ಟು ಕಷ್ಟದ ಪ್ರಶ್ನೆಯಲ್ಲ.

ಕಷ್ಟದ್ದು 'ಹನ್'. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರನ್ನು ಬೈಯಲು ಬಳಸಿದ ಪದ. ರೇಂಜರ್ಸ್ ಅಭಿಮಾನಿಗಳಿಗೆ ಅದು ಹೇಗೆ ಅಂಟಿತು ಅನ್ನುವುದಕ್ಕೆ ಹಲವು ಕತೆಗಳಿವೆ. ಬ್ರಿಟಿಷ್ ರಾಜಮನೆತನದ ಜರ್ಮನ್ ಮೂಲವನ್ನು ಹಿಡಿದು ಅಂಟಿತು ಅನ್ನುವುದು ಒಂದು. ಉತ್ತರ ಐರ್ಲೆಂಡ್‌ನಲ್ಲಿ ಪ್ರೊಟೆಸ್ಟೆಂಟರನ್ನು, ಅವರು ಫುಟ್‌ಬಾಲ್ ನೋಡಲಿ ಬಿಡಲಿ, ಹನ್ ಎಂದು ಬೈಯುವುದುಂಟು. ಅಲ್ಲಿ ಅದು ಧರ್ಮದ ಬೈಗುಳವೇ. ಆದರೆ ಅಬರ್ಡೀನ್ ಅಭಿಮಾನಿಗಳೂ ರೇಂಜರ್ಸ್ ವಿರುದ್ಧ ಇದೇ ಪದ ಕೂಗುತ್ತಾರೆ. ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕ್ ಅಲ್ಲ. ಕೂಗುವವನ ಮನೆಯವರೇ ಪ್ರೊಟೆಸ್ಟೆಂಟ್ ಆಗಿರುವಾಗ ಅವನು ಪ್ರೊಟೆಸ್ಟೆಂಟರ ಮೇಲೆ ಹಗೆ ತೋರಿಸಿದ ಎಂದು ಹೇಗೆ ಹೇಳುವುದು? ಸೆಲ್ಟಿಕ್‌ನವರು ಇದೇ ಉದಾಹರಣೆ ಹಿಡಿದು 'ನೋಡಿ, ಇದು ಕ್ಲಬ್ಬಿನ ಅಡ್ಡಹೆಸರು ಅಷ್ಟೇ' ಅನ್ನುತ್ತಾರೆ. ರೇಂಜರ್ಸ್‌ನವರು ಬೆಲ್‌ಫಾಸ್ಟ್ ಗೋಡೆಬರಹಗಳನ್ನು ತೋರಿಸಿ 'ಫೀನಿಯನ್ ತಪ್ಪಾದರೆ ಇದೂ ತಪ್ಪು' ಅನ್ನುತ್ತಾರೆ.

ಇಬ್ಬರೂ ಪದಕ್ಕೆ ಒಂದೇ ಅರ್ಥ ಇರಬೇಕು ಎಂದು ಹಟ ಹಿಡಿದಿದ್ದಾರೆ. ಕಾಯಿದೆ ಹಾಗೆ ಕೇಳುವುದೇ ಇಲ್ಲ. ಅದು ಕೇಳುವುದು ಆ ದಿನ, ಆ ಜಾಗದಲ್ಲಿ, ಆ ಬಾಯಿಂದ ಬಂದಾಗ ಆ ಪದ ಯಾವ ಹಗೆಯನ್ನು ತೋರಿಸಿತು ಎಂದು. ಐಬ್ರಾಕ್ಸ್‌ನಲ್ಲಿ ಅಬರ್ಡೀನ್ ಗುಂಪು ಹಾಡುವ 'ಹನ್' ಬೇರೆ. ಪ್ರೊಟೆಸ್ಟೆಂಟ್ ಪಾದ್ರಿಯ ಮನೆ ಗೋಡೆಗೆ ಬಳಿದ 'ಹನ್' ಬೇರೆ. ಎರಡನೆಯದಕ್ಕೆ ಷರಾ ಬೀಳುವುದರಲ್ಲಿ ನನಗೆ ಅನುಮಾನವಿಲ್ಲ. ಮೊದಲನೆಯದು ಅಸಹ್ಯ ಇರಬಹುದು, ಅದರಲ್ಲಿ ಧರ್ಮದ ಹಗೆ ಹುಡುಕುವುದು ಎಳೆದಾಟ.

ಮಾತೇ ಇಲ್ಲದ ಅವಮಾನಗಳೂ ಇವೆ. 1998ರಲ್ಲಿ ರೇಂಜರ್ಸ್‌ನ ಪಾಲ್ ಗ್ಯಾಸ್ಕಾಯ್ನ್ ಸೆಲ್ಟಿಕ್ ಪ್ರೇಕ್ಷಕರ ಎದುರು ಕೊಳಲು ನುಡಿಸುವ ನಟನೆ ಮಾಡಿದರು. ಆರೆಂಜ್ ಮೆರವಣಿಗೆಯ ಕೊಳಲು ಅದು. ಅವರ ಕ್ಲಬ್ಬೇ ದಂಡ ಹಾಕಿತು. 2006ರಲ್ಲಿ ಸೆಲ್ಟಿಕ್ ಗೋಲ್‌ಕೀಪರ್ ಆರ್ತುರ್ ಬೊರುಟ್ಸ್ ಐಬ್ರಾಕ್ಸ್‌ನಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡದ್ದು ಭಾರೀ ಸುದ್ದಿಯಾಯಿತು. ಸರ್ಕಾರಿ ವಕೀಲರು ಅವರಿಗೆ ಎಚ್ಚರಿಕೆ ಕೊಟ್ಟರು. ಪ್ರಾರ್ಥನೆಯೂ ತಪ್ಪಾಯಿತೇ ಎಂದು ಕ್ಯಾಥೊಲಿಕ್ ಚರ್ಚ್ ಸಿಟ್ಟಾಯಿತು. ಎಚ್ಚರಿಕೆ ಶಿಲುಬೆಯ ಗುರುತಿಗಲ್ಲ, ಪ್ರೇಕ್ಷಕರನ್ನು ಕೆರಳಿಸುವ ಸನ್ನೆಗಳಿಗೆ ಎಂದು ಸರ್ಕಾರಿ ವಕೀಲರ ಕಚೇರಿಯಾದ ಕ್ರೌನ್ ಆಫೀಸ್ ಸಮಜಾಯಿಷಿ ಕೊಡಬೇಕಾಯಿತು.

ಫುಟ್‌ಬಾಲ್‌ಗೇ ಒಂದು ಕಾಯಿದೆ

2011ರ ಮಾರ್ಚ್‌ನಲ್ಲಿ ಸೆಲ್ಟಿಕ್ ಪಾರ್ಕ್‌ನಲ್ಲಿ ನಡೆದ ಪಂದ್ಯದಲ್ಲಿ ಮೂರು ರೆಡ್ ಕಾರ್ಡ್, ಮೈದಾನದ ಅಂಚಿನಲ್ಲಿ ಎರಡೂ ಕಡೆಯ ತರಬೇತುದಾರರ ಕೈಕೈ ಮಿಲಾಯಿಸುವ ಮಟ್ಟದ ಜಗಳ, ಸ್ಟೇಡಿಯಂ ಒಳಗೇ ಹಲವಾರು ಬಂಧನ. ಆಮೇಲೆ ಪಾರ್ಸೆಲ್ ಬಾಂಬ್, ಲೆನನ್ ಮೇಲಿನ ದಾಳಿ. ಏನಾದರೂ ಮಾಡಲೇಬೇಕು ಎಂದು ಸ್ಕಾಟ್ಲೆಂಡ್‌ನ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಸರ್ಕಾರ ಹೊಸ ಕಾಯಿದೆ ತಂದಿತು. 2012ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು.

ಅದರ ಯೋಚನೆ ಬೇರೆ ತರಹದ್ದು. ಷರಾ ಬೇಡ, ನೇರವಾಗಿ ಅಪರಾಧವೇ ಇರಲಿ. ಪಂದ್ಯಕ್ಕೆ ಸಂಬಂಧಪಟ್ಟ ಜಾಗದಲ್ಲಿ ದ್ವೇಷ ತೋರಿಸುವುದು, ಬೆದರಿಸುವುದು, ಕೊನೆಗೆ 'ವಿವೇಕವುಳ್ಳವರಿಗೆ ಆಕ್ಷೇಪಾರ್ಹ ಅನ್ನಿಸಬಹುದಾದ' ಬೇರೆ ಯಾವುದೇ ವರ್ತನೆ, ಇವೆಲ್ಲ ಅದರ ಒಳಗೆ. ಅದರಿಂದ ಗಲಭೆ ಏಳುವ ಸಂಭವ ಇರಬೇಕು ಎಂಬ ಷರತ್ತು ಇತ್ತು. ಆದರೆ ಕೆರಳುವವರು ಅಲ್ಲಿ ಇಲ್ಲದಿದ್ದರೂ, ಸಾಕಷ್ಟು ಸಂಖ್ಯೆಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ ಎಂದು ಅದೇ ಕಾಯಿದೆ ಹೇಳಿತು! ಕೆರಳುವವರು ಇದ್ದಿದ್ದರೆ ಕೆರಳುತ್ತಿದ್ದರು ಎಂದು ಊಹಿಸಿಕೊಂಡರೆ ಆಯಿತು. ಡಿಂಗ್‌ವಾಲ್ ಊರಿನ ಪಂದ್ಯವೊಂದರಲ್ಲಿ ಐರಿಶ್ ರಿಪಬ್ಲಿಕನ್ ಹಾಡು ಹಾಡಿದ ಸೆಲ್ಟಿಕ್ ಅಭಿಮಾನಿಯನ್ನು ಕೆಳಗಿನ ಹಂತದ ಷರೀಫ್ ಕೋರ್ಟ್ ಬಿಟ್ಟಿತ್ತು. 2013ರಲ್ಲಿ ಹೈಕೋರ್ಟ್ ಆ ಬಿಡುಗಡೆಯನ್ನು ತಪ್ಪು ಎಂದಿತು. ಯಾರೂ ನಿಜವಾಗಿ ಕೆರಳಬೇಕಾಗಿಲ್ಲ ಎಂಬುದೇ ಅದರ ಕಾರಣ.

ಆ ಹಾಡುಗಳ ವಿಷಯ ಸ್ವಲ್ಪ ಸೂಕ್ಷ್ಮ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಐರಿಶ್ ಸಶಸ್ತ್ರ ಸಂಘಟನೆ ಐಆರ್‌ಎಯನ್ನು ಹೊಗಳುವ ಹಾಡು ಪ್ರೊಟೆಸ್ಟೆಂಟರ ಹೆಸರೆತ್ತುವುದಿಲ್ಲ. ಅದು ರಾಜಕೀಯ. ಬಾಂಬಿಗೆ ಮನೆಯವರನ್ನು ಕಳೆದುಕೊಂಡವರಿಗೆ ಅದನ್ನು ಕೇಳುವುದು ನರಕ, ನಿಜ. ಆದರೂ 74ನೇ ಸೆಕ್ಷನ್‌ನ ಧರ್ಮದ ಚೌಕಟ್ಟಿಗೆ ಅದು ಸುಲಭವಾಗಿ ಕೂರುವುದಿಲ್ಲ. ಹೊಸ ಕಾಯಿದೆಯ 'ಆಕ್ಷೇಪಾರ್ಹ' ಎಂಬ ಅಗಲ ಬಲೆ ಬೇಕಾದದ್ದು ಇಂಥವನ್ನು ಹಿಡಿಯಲಿಕ್ಕೆ. ಪಂಥದ್ವೇಷ ತಡೆಯುತ್ತೇವೆ ಎಂದು ಹೊರಟ ಕಾಯಿದೆ ಹೀಗೆ ರಾಜಕೀಯ ಹಾಡಿಗೂ ಕೈ ಹಾಕಿತು. ಡಂಡೀ ನಗರದ ಷರೀಫ್, ಅಂದರೆ ನ್ಯಾಯಾಧೀಶ, ಒಬ್ಬರು ಕೋರ್ಟಿನಲ್ಲೇ ಅದನ್ನು 'ಮಿನ್ಸ್' ಎಂದು ಜರೆದರು. ಅದು ಸ್ಕಾಟಿಷ್ ಆಡುಮಾತು, ಕೆಲಸಕ್ಕೆ ಬಾರದ್ದು ಎಂದರ್ಥ. ಯಾವತ್ತೂ ಒಂದಾಗದ ಎರಡೂ ಕ್ಲಬ್ಬಿನ ಅಭಿಮಾನಿ ಗುಂಪುಗಳು ಈ ಕಾಯಿದೆಯನ್ನು ವಿರೋಧಿಸುವುದರಲ್ಲಿ ಒಂದಾದವು. ಥಿಯೇಟರ್‌ನಲ್ಲೋ ಮೆರವಣಿಗೆಯಲ್ಲೋ ಹಾಡಿದರೆ ಇಲ್ಲದ ಅಪರಾಧ ಫುಟ್‌ಬಾಲ್ ನೋಡಲು ಹೋದರೆ ಹೇಗೆ ಬರುತ್ತದೆ ಎಂಬ ಅವರ ಪ್ರಶ್ನೆಗೆ ಸರ್ಕಾರದ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. 2018ರ ಮಾರ್ಚ್‌ನಲ್ಲಿ ಲೇಬರ್ ಪಕ್ಷದ ಜೇಮ್ಸ್ ಕೆಲ್ಲಿ ತಂದ ಮಸೂದೆ 62-60 ಮತಗಳಿಂದ ಗೆದ್ದು ಕಾಯಿದೆ ರದ್ದಾಯಿತು.

ನನಗೆ ಆ ಕಾಯಿದೆ ಹೋದದ್ದೇ ಒಳ್ಳೆಯದು ಅನ್ನಿಸುತ್ತದೆ. ಅದು ಸಮಸ್ಯೆ ಫುಟ್‌ಬಾಲ್‌ನದು ಎಂದು ಹಣೆಪಟ್ಟಿ ಕಟ್ಟಿತು. ಅಂಕಿಗಳು ಹಾಗೆ ಹೇಳುವುದಿಲ್ಲ. 2010-11ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಧರ್ಮದ್ವೇಷದ ಷರಾ ಇದ್ದ ಆರೋಪಗಳು 693. ಅದರಲ್ಲಿ ಫುಟ್‌ಬಾಲ್‌ಗೆ ಸಂಬಂಧಿಸಿದ್ದು ಸುಮಾರು ಮೂರರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಬೀದಿ, ಮನೆ, ಪೊಲೀಸ್ ಠಾಣೆಗಳಲ್ಲಿ ನಡೆದದ್ದು. ಇನ್ನೊಂದು ಲೆಕ್ಕ: ಆ ಆರೋಪಗಳಲ್ಲಿ ಸುಮಾರು ಶೇ 58 ಕ್ಯಾಥೊಲಿಕರ ವಿರುದ್ಧ, ಶೇ 37 ಪ್ರೊಟೆಸ್ಟೆಂಟರ ವಿರುದ್ಧ. 2011ರ ಜನಗಣತಿಯಲ್ಲಿ ಕ್ಯಾಥೊಲಿಕರು ಶೇ 16 ಮಾತ್ರ. 'ಎರಡೂ ಕಡೆಯವರದ್ದು ಒಂದೇ ಸಮ ತಪ್ಪು' ಎಂಬ ಮಾತನ್ನು ಗ್ಲಾಸ್ಗೊದಲ್ಲಿ ಬಹಳ ಕೇಳುತ್ತೇವೆ. ಈ ಲೆಕ್ಕದ ಮುಂದೆ ಅದು ನಿಲ್ಲುವುದಿಲ್ಲ.

ಕೋರ್ಟಿನ ಹಾದಿ ಬೇರೆ, ಫುಟ್‌ಬಾಲ್ ಸಂಸ್ಥೆಗಳ ಹಾದಿ ಬೇರೆ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಅಭಿಮಾನಿ ಮಾಡಿದ ತಪ್ಪಿಗೆ ಕ್ಲಬ್ಬನ್ನೇ ಹೊಣೆ ಮಾಡುತ್ತದೆ. 2006ರಲ್ಲಿ 'ಬಿಲ್ಲಿ ಬಾಯ್ಸ್' ಹಾಡಿಗೆ ಮೊದಲು ರೇಂಜರ್ಸ್ ಮೇಲೆ ಕ್ರಮ ಬೇಡ ಎಂದಿತ್ತು. ಸ್ಕಾಟ್ಲೆಂಡ್‌ನಲ್ಲಿ ವರ್ಷಗಳಿಂದ ಹಾಡುತ್ತಿದ್ದರೂ ಅಲ್ಲಿನವರೇ ಸುಮ್ಮನಿದ್ದಾರಲ್ಲ ಎಂಬುದು ಆಗಿನ ಧಾಟಿ. ಮೇಲ್ಮನವಿಯಲ್ಲಿ ಅದು ಬದಲಾಗಿ ದಂಡ ಬಿತ್ತು. 2019ರಲ್ಲಿ ಇನ್ನೂ ಬಿಗಿಯಾಯಿತು. ಅಭಿಮಾನಿಗಳ ಹಾಡಿಗೆ ಶಿಕ್ಷೆಯಾಗಿ ಐಬ್ರಾಕ್ಸ್‌ನ ಸುಮಾರು 3,000 ಸೀಟುಗಳನ್ನು ಖಾಲಿ ಬಿಡಿಸಿ ಪಂದ್ಯ ಆಡಿಸಿದರು. ಇಲ್ಲಿ ಹಾಡಿದವನ ಮನಸ್ಸಿನಲ್ಲಿ ಏನಿತ್ತು ಅನ್ನುವ ವಿಚಾರಣೆ ಇಲ್ಲ. ಹಾಡು ಕೇಳಿಸಿತೋ, ದಂಡ ಕಟ್ಟಿ, ಅಷ್ಟೇ. ಕ್ಲಬ್‌ಗಳು ಹೆದರುವುದು ಪೊಲೀಸರಿಗಿಂತ ಇದಕ್ಕೆ. ಇದೇ ಹೊಣೆಯನ್ನು ದೇಶದ ಒಳಗಿನ ಪಂದ್ಯಗಳಿಗೂ ತನ್ನಿ ಅನ್ನುವ ಸಲಹೆಯನ್ನು ಸ್ಕಾಟಿಷ್ ಕ್ಲಬ್‌ಗಳು ತಳ್ಳಿಹಾಕಿದವು.

ಈಗಿನ ಸ್ಥಿತಿ

2024ರ ಏಪ್ರಿಲ್ 1ರಿಂದ ಹೊಸ ದ್ವೇಷಾಪರಾಧ ಕಾಯಿದೆ ಜಾರಿಯಲ್ಲಿದೆ. 74ನೇ ಸೆಕ್ಷನ್ ಹೋಗಿದೆ, ಅದರ ಷರಾ ಹೊಸ ಕಾಯಿದೆಯೊಳಗೆ ಉಳಿದಿದೆ. ಧರ್ಮದ ನಂಟಿದೆ ಎಂದು ಭಾವಿಸುವ ಸಾಮಾಜಿಕ, ಸಾಂಸ್ಕೃತಿಕ ಗುಂಪು ಎಂಬ ಆ ಮಾತೂ ಉಳಿದಿದೆ. ಇದರ ಜೊತೆಗೆ 'ದ್ವೇಷ ಕೆರಳಿಸುವುದು' ಎಂಬ ಪ್ರತ್ಯೇಕ ಅಪರಾಧ ಬಂದಿದೆ, ಅಲ್ಲಿ ಧರ್ಮಕ್ಕೂ ಜನಾಂಗಕ್ಕೂ ಅಳತೆ ಬೇರೆ. ಧರ್ಮದ ವಿಷಯದಲ್ಲಿ ವರ್ತನೆ ಬೆದರಿಕೆಯದೋ ನಿಂದನೆಯದೋ ಆಗಿರಬೇಕು, ದ್ವೇಷ ಕೆರಳಿಸುವ ಉದ್ದೇಶವೂ ಸಾಬೀತಾಗಬೇಕು. ಧರ್ಮವನ್ನು ಇಷ್ಟಪಡದಿರುವುದು, ಗೇಲಿ ಮಾಡುವುದು, ಅವಮಾನಿಸುವುದು ಅಷ್ಟಕ್ಕೇ ಅಪರಾಧವಲ್ಲ ಎಂಬ ರಕ್ಷಣೆಯೂ ಇದೆ. ಜನಾಂಗದ ವಿಷಯದಲ್ಲಿ ಅವಮಾನದ ವರ್ತನೆಯೂ ಸಾಕು, ಉದ್ದೇಶ ಇಲ್ಲದಿದ್ದರೂ ದ್ವೇಷ ಕೆರಳುವ ಸಂಭವ ಇದ್ದರೆ ಸಾಕಾಗಬಹುದು.

ಇದರ ಪರಿಣಾಮ ಸ್ವಲ್ಪ ವಿಚಿತ್ರ. ಒಂದೇ ಗುಂಪಿನ ಮೇಲೆ ಕೂಗಿದ ಎರಡು ಬೈಗುಳಗಳಲ್ಲಿ 'ಐರಿಶ್' ಅನ್ನುವುದಕ್ಕೆ ಅಂಟಿಕೊಂಡದ್ದು ಕೆಳಗಿನ ಮೆಟ್ಟಿಲಲ್ಲೇ ಸಿಕ್ಕಿಬೀಳುತ್ತದೆ, 'ಕ್ಯಾಥೊಲಿಕ್' ಅನ್ನುವುದಕ್ಕೆ ಅಂಟಿಕೊಂಡದ್ದು ಇನ್ನೂ ಎರಡು ಮೆಟ್ಟಿಲು ಹತ್ತಬೇಕು. ಬೈಸಿಕೊಂಡವನಿಗೆ ಎರಡೂ ಒಂದೇ ನೋವು.

ಪಂಥದ್ವೇಷಕ್ಕೇ ಒಂದು ವ್ಯಾಖ್ಯೆ ಬರೆಯಲು ಪ್ರಯತ್ನವೂ ನಡೆದಿತ್ತು. ಪ್ರೊಫೆಸರ್ ಡಂಕನ್ ಮಾರೊ ಅವರ ನೇತೃತ್ವದ ಸಲಹಾ ಸಮಿತಿ 2015ರಲ್ಲಿ ಹೇಳಿದ ಮಾತು ನನಗೆ ಹಿಡಿಸಿತು. ಕ್ರೈಸ್ತರೊಳಗಿನ ಯಾವ ಪಂಥದ ಹಿನ್ನೆಲೆ ಎಂದು ಭಾವಿಸಿ ಇನ್ನೊಬ್ಬರನ್ನು ಕಡೆಗಣಿಸುವುದು, ಹೊರಗಿಡುವುದು, ನಿಂದಿಸುವುದು, ಹಿಂಸಿಸುವುದು ಇದು ಎಂದಿತು. ಆ ಭಾವನೆಯಲ್ಲಿ ರಾಜಕೀಯ, ಫುಟ್‌ಬಾಲ್ ನಿಷ್ಠೆ, ರಾಷ್ಟ್ರೀಯತೆ ಯಾವಾಗಲೂ ಬೆರೆತೇ ಇರುತ್ತವೆ ಎಂದೂ ಸೇರಿಸಿತು. 2018ರಲ್ಲಿ ಅವರದೇ ನೇತೃತ್ವದ ಇನ್ನೊಂದು ಗುಂಪು ಇದನ್ನು ಕಾಯಿದೆಗೆ ಸೇರಿಸಿ, ಇದಕ್ಕೇ ಪ್ರತ್ಯೇಕ ಷರಾ ಇರಲಿ ಎಂದು ಸಲಹೆ ಕೊಟ್ಟಿತು. ಸರ್ಕಾರ ಜನರ ಅಭಿಪ್ರಾಯ ಕೇಳಿತು, ಕೊನೆಗೆ ಕೈಬಿಟ್ಟಿತು. 2021ರಲ್ಲಿ ಪಾಸಾದ ಕಾಯಿದೆಯಲ್ಲಿ ಆ ವ್ಯಾಖ್ಯೆ ಇಲ್ಲ. ಹಾಗಾಗಿ ಇವತ್ತು ಐಬ್ರಾಕ್ಸ್‌ನಲ್ಲೋ ಸೆಲ್ಟಿಕ್ ಪಾರ್ಕ್‌ನಲ್ಲೋ ಒಬ್ಬನನ್ನು ಹಿಡಿದರೆ ಪೊಲೀಸರು ಬರೆದುಕೊಳ್ಳಬೇಕಾದದ್ದು ಅವನು ಯಾವ ಕ್ಲಬ್ ಎಂದಲ್ಲ. ಅವನು ಕೂಗಿದ ಪದಗಳು ನಿಖರವಾಗಿ ಯಾವುವು, ಯಾರ ಕಡೆ ತಿರುಗಿ ಕೂಗಿದ, ಅದರ ಹಿಂದೆಮುಂದೆ ಇನ್ನೇನು ಹೇಳಿದ, ಕೇಳಿಸಿಕೊಂಡವರು ಯಾರು. ಟೈನ್‌ಕ್ಯಾಸಲ್ ಕೇಸಿನಲ್ಲಿ ಧರ್ಮದ ಭಾಗ ಬಿದ್ದುಹೋದದ್ದು ಇದರಲ್ಲಿ ಮೊದಲನೆಯದರ ಮೇಲೇ ಜಗಳ ಎದ್ದದ್ದರಿಂದ.